ಮೃತ್ತಿಕೆಯ ಕಹಿ

ಧಾರವಾಡದಲ್ಲಿ ಹುಟ್ಟಿದವರಿಗೆ ಒಂದು ಪೀಡೆ ಇದೆ. ಆ ಊರಿನಲ್ಲಿ ಕಾಲೇಜುಗಳಿವೆ, ಪೇಢೆ ಇದೆ, ಸಂಗೀತ ಇದೆ. ಆದರೆ ಸುತ್ತಲ ನಾಲ್ಕಾರು ಜಿಲ್ಲೆಯ ಜನಕ್ಕೆ ಅದು ಹುಚ್ಚರ ಆಸ್ಪತ್ರೆಯ ಊರು. ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ಸಾಕು, 'ಇವನ್ನ ಧಾರವಾಡಕ್ಕ ಕಳಸ್ರೆಪಾ' ಎಂದು ನಗುತ್ತಾರೆ. ಗೋದಾಬಾಯಿ ಹುಟ್ಟಿ ಬೆಳೆದದ್ದು ಅಲ್ಲಿ. ಮದುವೆಯಾಗಿ ವಾಸ್ಕೋಗೆ ಬಂದ ಮೇಲೆ ತವರಿಗೆ ಹೊರಟಾಗಲೆಲ್ಲ ಇಲ್ಲಿಯ ಕನ್ನಡದ ಹೆಂಗಸರು 'ಏನ್ರೀ, ಧಾರವಾಡಕ್ಕ ಹೊಂಟೀರಂತ?' ಎಂದು ಕೇಳಿ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಮೊದಮೊದಲು ಗೋದಾಬಾಯಿಯೂ ಅವರ ಜೊತೆ ನಗುತ್ತಿದ್ದರಂತೆ.

ನಾನು ಪರಮೇಶ್ವರಿ, ಕಾರವಾರದವಳು. ನನ್ನ ಗಂಡನಿಗೆ ವಾಸ್ಕೋದ ಬ್ಯಾಂಕಿಗೆ ವರ್ಗವಾಗಿ, ಎಂಬತ್ತಾರರಲ್ಲಿ ನಾವು ಮಂಗೋರ್ ಹಿಲ್ ಏರುವ ರಸ್ತೆಯ ಬುಡದಲ್ಲಿ ಮನೆ ಹಿಡಿದಾಗ ಗೋದಾಬಾಯಿ ನಮ್ಮ ಮೇಲಿನ ಮನೆಯಲ್ಲಿದ್ದರು. ಅವರ ಬದುಕಿನ ಕೆಲವು ವರ್ಷಗಳನ್ನು ಬರೆಯಬೇಕೆನಿಸಿದೆ. ಇದರಲ್ಲಿ ಅರ್ಧ ನಾನು ಕಂಡದ್ದು. ಉಳಿದರ್ಧ ಅವರೇ ಆಮೇಲೆ, ಅಕ್ಕಿ ಆರಿಸುತ್ತಲೋ ಬಟ್ಟೆ ಮಡಚುತ್ತಲೋ ತುಂಡುತುಂಡಾಗಿ ಹೇಳಿದ್ದು. ಅವರು ದೊಡ್ಡ ಹೆಸರು ಮಾಡಿದವರಲ್ಲ. ಊರ ಹಿರಿಯರು ಸತ್ತಾಗ ಪತ್ರಿಕೆಯಲ್ಲಿ ಬರುತ್ತದಲ್ಲ, ಅಂಥ ನಾಲ್ಕು ಸಾಲಿಗೂ ಸಿಗುವವರಲ್ಲ.

ಗಂಡ ರಘೋತ್ತಮರು ಅದಿರನ್ನು ಹಡಗಿಗೆ ತುಂಬಿಸುವ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಹಡಗು ಹೊರಡುವ ಮುಂಚೆ ಅದಿರಿನ ಮಾದರಿ ತಂದು, ಕಲ್ಲಿನ ಖಲದಲ್ಲಿ ಅರೆದು, ಬೆರಳಿಗೆ ಒಂದು ಹರಳೂ ತಾಗದಷ್ಟು ನುಣ್ಣಗೆ ಮಾಡಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡುವುದು ಅವರ ಕೆಲಸ. ಬಂದರಿನ ಕೆಂಪು ಧೂಳು ವಾಸ್ಕೋದಲ್ಲಿ ಎಲ್ಲರ ಕಿಟಕಿಯ ಮೇಲೂ ಕೂರುತ್ತಿತ್ತು, ಅವರ ಉಗುರಿನ ಸಂದಿಯಲ್ಲಂತೂ ತೊಳೆದರೂ ಹೋಗುತ್ತಿರಲಿಲ್ಲ. ಮಾಧ್ವರು, ಕಟ್ಟುನಿಟ್ಟಿನವರು. ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಸಾಲಿಗ್ರಾಮದ ಪೂಜೆ ಮುಗಿಸಿ, ಹೆಂಡತಿಗೂ ಮಗಳು ವೃಂದಾಳಿಗೂ ಮೂರು ಸಲ ತೀರ್ಥ ಕೊಟ್ಟ ಮೇಲೆಯೇ ಕೆಲಸಕ್ಕೆ ಹೊರಡುತ್ತಿದ್ದರು. ಒಳ್ಳೆಯ ಮನುಷ್ಯ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಕಾಯಿಲೆ ಎಂದು ಶುರುವಾಯಿತೆಂದು ಗೋದಾಬಾಯಿಗೇ ಗೊತ್ತಿಲ್ಲ. ಎಂಬತ್ನಾಲ್ಕರ ಮಳೆಗಾಲದಲ್ಲಿ ಒಂದು ದಿನ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಸಾಸಿವೆ ಡಬ್ಬಿ ಕೈಗೆತ್ತಿಕೊಂಡರಂತೆ. ಮುಂದೆ ಏನು ಮಾಡಬೇಕೆಂದು ಗೊತ್ತಿತ್ತು, ಆದರೆ ಯಾಕೆ ಮಾಡಬೇಕೆಂದು ತಿಳಿಯಲಿಲ್ಲವಂತೆ. ಎಣ್ಣೆ ಹೊತ್ತಿ, ಮನೆ ತುಂಬ ಹೊಗೆಯಾಗಿ, ವೃಂದಾ ಕೆಮ್ಮುತ್ತ ಒಳಗೆ ಬಂದಾಗ ಅವಳ ಅಮ್ಮ ಡಬ್ಬಿ ಹಿಡಿದುಕೊಂಡು ಹಾಗೆಯೇ ನಿಂತಿದ್ದರು. ಆಮೇಲೆ ನಿದ್ದೆ ಹೋಯಿತು, ಊಟ ಹೋಯಿತು. ಎದೆಯ ಮೇಲೆ ಯಾರೋ ರುಬ್ಬುವ ಕಲ್ಲು ಇಟ್ಟು ಹೋಗಿದ್ದಾರೆ, ವಾಪಸು ಒಯ್ಯುವುದನ್ನು ಮರೆತಿದ್ದಾರೆ ಎಂದು ಅವರು ಹೇಳುತ್ತಿದ್ದರು.

ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಗಂಡ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಸಂಬಳ ಬರುತ್ತಿತ್ತು, ಮಗಳು ಚೂಟಿಯಾಗಿದ್ದಳು. ಇದೇ ದೊಡ್ಡ ತೊಂದರೆಯಾಯಿತು. ಕಾರಣವಿಲ್ಲದ ದುಃಖವನ್ನು ನಮ್ಮ ಜನ ಒಪ್ಪುವುದೇ ಇಲ್ಲ. ಧಾರವಾಡದಿಂದ ಬಂದ ಅಣ್ಣ, ಹುಬ್ಬಳ್ಳಿಯಿಂದ ಬಂದ ನಾದಿನಿ, ಇಲ್ಲಿಯ ಕನ್ನಡ ಸಂಘದ ಹೆಂಗಸರು, ಎಲ್ಲರೂ ಕೇಳಿದ್ದು ಒಂದೇ ಮಾತು: 'ಏನ್ ಕಡಿಮಿ ಆಗೇದ ನಿನಗ?' ಈ ಪ್ರಶ್ನೆ ಕೇಳುವವರ ಬಾಯಿಗೆ ಬೀಗ ಹಾಕಬೇಕು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಕೇಳಿದವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಕೇಳಿಸಿಕೊಂಡವಳು ರಾತ್ರಿಯೆಲ್ಲ ತನಗೆ ಏನು ಕಡಿಮೆಯಾಗಿದೆಯೆಂದು ಹುಡುಕಿ, ಏನೂ ಸಿಗದೆ, ತಾನೇ ಕೆಟ್ಟವಳೆಂದು ತೀರ್ಮಾನಿಸುತ್ತಾಳೆ.

ಮೊದಲು ಗಲ್ಲಿಯ ಡಾಕ್ಟರರ ಹತ್ತಿರ ಹೋದರು. ಅವರು ಕೊಂಕಣಿಯವರು. 'ಕಿತೆಂ ಜಾತಾ ಬಾಯ್?', ಏನಾಗುತ್ತದೆ ಎಂದು ಕೇಳಿದಾಗ ಗೋದಾಬಾಯಿ ತಮಗೆ ತಿಳಿದ ಹಾಗೆ 'ಸುಸ್ತ' ಎಂದರು. ನಮ್ಮಲ್ಲಿ ಸುಸ್ತು ಎಂದರೆ ಮೈಯಲ್ಲಿ ಕಸುವಿಲ್ಲದಿರುವುದು. ಆ ಭಾಷೆಯಲ್ಲಿ ಸುಸ್ತ ಎಂದರೆ ಮೈಗಳ್ಳತನ. ತಾನೇ ಬಂದು 'ನಾನು ಸೋಮಾರಿ' ಎಂದು ಒಪ್ಪಿಕೊಳ್ಳುವ ರೋಗಿಯನ್ನು ಆ ಡಾಕ್ಟರು ಅದೇ ಮೊದಲು ಕಂಡಿರಬೇಕು. ನಕ್ಕು, ಟಾನಿಕ್ ಬರೆದುಕೊಟ್ಟು, ದಿನಾ ಸಂಜೆ ನಡೆಯಲು ಹೇಳಿ ಕಳಿಸಿದರು. ಟಾನಿಕ್ಕು ಮುಗಿಯಿತು, ನಡಿಗೆಯೂ ಮುಗಿಯಿತು, ಎದೆಯ ಮೇಲಿನ ಕಲ್ಲು ಅಲ್ಲೇ ಇತ್ತು.

ಆಮೇಲೆ ಯಾರೋ ಮಡಗಾಂವದ ಡಾಕ್ಟರ್ ನರೋನಾ ಅವರ ಹೆಸರು ಹೇಳಿದರು. ಮನಸ್ಸಿನ ಕಾಯಿಲೆಯ ಡಾಕ್ಟರು, ವಯಸ್ಸಾದವರು. ಅವರು ಗೋದಾಬಾಯಿಯ ಮಾತನ್ನು ಕೊನೆಯವರೆಗೆ ಕೇಳಿದರು. ಇದು ಸೋಮಾರಿತನವಲ್ಲ, ಹುಚ್ಚೂ ಅಲ್ಲ, ಇದೊಂದು ಕಾಯಿಲೆ, ಇದಕ್ಕೆ ಗುಳಿಗೆಯಿದೆ ಎಂದು ನಿಧಾನವಾಗಿ ಹಿಂದಿಯಲ್ಲಿ ಹೇಳಿದರು. ಮೊದಲ ಮೂರು ವಾರ ಗುಣ ಕಾಣುವುದಿಲ್ಲ, ಬಾಯಿ ಮಾತ್ರ ಒಣಗುತ್ತದೆ, ಅದಕ್ಕೆ ಹೆದರಿ ಬಿಡಬಾರದು ಎಂದರು. ರಘೋತ್ತಮರನ್ನು ಪಕ್ಕಕ್ಕೆ ಕರೆದು, ಗುಳಿಗೆಗಳನ್ನು ನೀವೇ ಇಟ್ಟುಕೊಂಡು ಒಂದೊಂದು ದಿನದ್ದು ಮಾತ್ರ ಅವರ ಕೈಗೆ ಕೊಡಿ ಎಂದೂ ಹೇಳಿದರು.

ವಾಸ್ಕೋಗೆ ಮರಳುವ ಬಸ್ಸಿನಲ್ಲಿ ಗೋದಾಬಾಯಿ ತಮ್ಮ ಸೋದರತ್ತೆಯ ವಿಷಯ ತೆಗೆದರು. ಅತ್ತೆಯನ್ನು ಟಾಂಗಾದಲ್ಲಿ ಕೂರಿಸಿ ಆ ಆಸ್ಪತ್ರೆಗೆ ಒಯ್ದಾಗ ಇವರಿನ್ನೂ ಪರಕಾರ ಉಡುವ ಸಣ್ಣ ಹುಡುಗಿ. ಅತ್ತೆ ಕೆಲವು ತಿಂಗಳ ಮೇಲೆ ಗುಣವಾಗಿಯೇ ಮರಳಿದರು. ಆದರೆ ಆಮೇಲೆ ಅವರನ್ನು ಯಾರೂ ಅರಿಷಿಣ ಕುಂಕುಮಕ್ಕೆ ಕರೆಯಲಿಲ್ಲ, ಅವರು ಮಾಡಿದ ಅಡಿಗೆಯನ್ನು ಯಾರೂ ಎಲೆಗೆ ಬಡಿಸಿಕೊಳ್ಳಲಿಲ್ಲ. ಮನೆಯ ಇಬ್ಬರು ಹುಡುಗಿಯರಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಅತ್ತೆ ಇನ್ನೂ ಎಷ್ಟೋ ವರ್ಷ ಹಿತ್ತಲ ಕೋಣೆಯಲ್ಲಿ ಬತ್ತಿ ಹೊಸೆಯುತ್ತ ಬದುಕಿದರು.

"ಗುಣಾ ಆದ್ರು, ಆದ್ರ ಏನಾತು?" ಎಂದರು ಗೋದಾಬಾಯಿ. "ಗುಣಾ ಆದವರನ್ನ ಮಂದಿ ಇನ್ನೂ ದೂರ ಇಡ್ತಾರ."

ಒಂದು ವಾರ ಗುಳಿಗೆ ನುಂಗಿದರು. ಡಾಕ್ಟರು ಹೇಳಿದ್ದ ಹಾಗೆಯೇ ಬಾಯಿ ಒಣಗಿತು, ಮನಸ್ಸು ಇದ್ದಲ್ಲೇ ಇತ್ತು.

"ನಾಲಿಗಿ ತಾಳಕ್ಕ ಅಂಟ್ಲಿಕತ್ತದ," ಎಂದರು ಗಂಡನಿಗೆ. "ಸ್ತೋತ್ರ ಅನ್ಲಿಕ್ಕೆ ಬರೂದಿಲ್ಲ. ನಾ ಇನ್ನ ನುಂಗೂದಿಲ್ಲ."

"ಮೂರು ವಾರ ತಡಿ ಅಂದಾರ, ಗೋದಾ."

"ನಾಳೆ ವೃಂದಾನ್ನ ನೋಡ್ಲಿಕ್ಕೆ ಬಂದವರು ಕೇಳಿದ್ರ ಏನ್ ಹೇಳ್ತೀರಿ? ಇವರವ್ವ ಹುಚ್ಚಿನ ಗುಳಿಗಿ ನುಂಗ್ತಾಳ ಅಂತ ಹೇಳ್ತೀರೇನು?"

ವೃಂದಾಳಿಗೆ ಆಗ ಏಳು ವರ್ಷ. ರಘೋತ್ತಮರು ಒತ್ತಾಯ ಮಾಡಲಿಲ್ಲ. ಅವರ ಮನಸ್ಸಿನಲ್ಲಿಯೂ ಅದೇ ಹೆದರಿಕೆ ಇತ್ತೆಂದು ನನ್ನ ಗುಮಾನಿ.

ನಾವು ಕೆಳಗಿನ ಮನೆಗೆ ಬರುವ ಹೊತ್ತಿಗೆ ಗೋದಾಬಾಯಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಸ್ನಾನವಿಲ್ಲ, ಹಾಗಾಗಿ ಮಡಿಯಿಲ್ಲ, ಅಡಿಗೆಮನೆಗೆ ಪ್ರವೇಶವೇ ಇಲ್ಲ. ರಘೋತ್ತಮರೇ ಅನ್ನ ಸಾರು ಮಾಡಿ, ಮಗಳಿಗೆ ಸೊಟ್ಟಸೊಟ್ಟ ಜಡೆ ಹೆಣೆದು, ಶಾಲೆಗೆ ಬಿಟ್ಟು, ಬಂದರಿಗೆ ಓಡುತ್ತಿದ್ದರು. ಒಂದು ಮಧ್ಯಾಹ್ನ ಎರಡೂ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಮಂಗೋರ್ ಹಿಲ್‌ನ ಹನುಮವ್ವ ಗೋದಾಬಾಯಿಯನ್ನು ರಟ್ಟೆ ಹಿಡಿದು ನಡೆಸಿಕೊಂಡು ಬಂದಳು. ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು.

"ಕಡಲಾಗ ನಿಂತಿದ್ರು, ಅವ್ವಾರು," ಎಂದು ಹನುಮವ್ವ ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಹೇಳಿದಳು. "ಕರದ್ರ ತಿರುಗಿ ನೋಡವಲ್ರು. ನಾ ನೀರಿಗೆ ಇಳದು ಎಳಕೊಂಡು ಬಂದೆ."

ಅವರ ಮುಖದಲ್ಲಿ ಅಳುವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬಸ್ಸು ತಪ್ಪಿಸಿಕೊಂಡವರು ಮುಂದಿನ ಬಸ್ಸಿಗೆ ಕಾಯುತ್ತಾರಲ್ಲ, ಹಾಗೆ ಸುಮ್ಮನೆ ಮೆಟ್ಟಿಲು ಹತ್ತಿದರು. ನನಗೆ ಬಹಳ ಹೆದರಿಕೆಯಾಯಿತು.

ಆ ವಾರ ರಘೋತ್ತಮರು ರಜೆ ಹಾಕಿ ಗುಂತಕಲ್ ಗಾಡಿ ಹತ್ತಿ ಮಂತ್ರಾಲಯಕ್ಕೆ ಹೋದರು. ರಾಯರ ಬೃಂದಾವನದ ಮಣ್ಣನ್ನು ಅವರ ಜನ ಮೃತ್ತಿಕೆ ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅದರ ಒಂದು ಚಿಟಿಕೆ ನೀರಿನಲ್ಲಿ ಕದಡಿ ಕೊಡುವುದು ಅವರಲ್ಲಿ ವಾಡಿಕೆ. ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ನನಗೆ ಇದು ಹೊಸತು. ಬರುವಾಗ ಮೃತ್ತಿಕೆಯ ಪೊಟ್ಟಣದ ಜೊತೆ ಇನ್ನೊಂದನ್ನೂ ತಂದರು. ದಾರಿಯಲ್ಲಿ ಮಡಗಾಂವದಲ್ಲಿ ಇಳಿದು, ಡಾಕ್ಟರ ಹಳೆಯ ಚೀಟಿ ತೋರಿಸಿ ಕೊಂಡ ಗುಳಿಗೆಗಳು.

ಮರುದಿನದಿಂದ ಗೋದಾಬಾಯಿಯ ತೀರ್ಥ ಬೇರೆಯಾಯಿತು. ವೃಂದಾಳಿಗೆ ಎಂದಿನಂತೆ ಪಂಚಪಾತ್ರೆಯಿಂದ, ಹೆಂಡತಿಗೆ ಪುಟ್ಟ ಬೆಳ್ಳಿ ಬಟ್ಟಲಿನಿಂದ. ಗುಳಿಗೆಯನ್ನು ಅವರು ಬಾಗಿಲು ಮುಂದೆ ಮಾಡಿಕೊಂಡು ದೇವರ ಕೋಣೆಯಲ್ಲೇ ಅರೆಯುತ್ತಿದ್ದರು. ವರ್ಷಗಟ್ಟಲೆ ಕಲ್ಲಿನಂಥ ಅದಿರನ್ನು ನುಣ್ಣಗೆ ಮಾಡಿದ ಕೈಗೆ ಒಂದು ಗುಳಿಗೆ ಯಾವ ಲೆಕ್ಕ? ಮೃತ್ತಿಕೆಯ ಜೊತೆ ಅದು ಗುರುತು ಸಿಗದಂತೆ ಬೆರೆಯಿತು. ಕಹಿ ಯಾಕೆಂದು ಗೋದಾಬಾಯಿ ಕೇಳಿದಾಗ "ಬೇವಿನೆಲಿ ಪುಡಿ ಕೂಡಸ್ಲಿಕ್ಕೆ ಹೇಳ್ಯಾರ" ಎಂದರು. ಬಾಯಿ ಒಣಗುತ್ತದೆ ಎಂದಾಗ "ಒಪ್ಪತ್ತು ಊಟ ಹಿಡದೀ ಅಲ್ಲ, ಅದಕ್ಕ" ಎಂದರು. ತೀರ್ಥದಲ್ಲಿ ಹಲ್ಲು ತಾಗಿದರೆ ಮೈಲಿಗೆ ಎನ್ನುತ್ತಿದ್ದ ಮನುಷ್ಯ ಅದರಲ್ಲಿ ಅಂಗಡಿಯ ಗುಳಿಗೆ ಕದಡಬೇಕಾದರೆ ಅವರಿಗೆ ಒಳಗೆ ಏನಾಗಿರಬೇಕು! ಅವರು ನರಕಕ್ಕೆ ಹೋಗಲು ತಯಾರಾಗಿಯೇ ಆ ಕೆಲಸಕ್ಕೆ ಕೈ ಹಾಕಿದ್ದರು. ಹೆಂಡತಿಯನ್ನೊಂದು ಮಾತು ಕೇಳಲು ಮಾತ್ರ ತಯಾರಿರಲಿಲ್ಲ.

ಗೋದಾಬಾಯಿ ಎದ್ದರು. ಒಂದು ತಿಂಗಳಾಗುವಷ್ಟರಲ್ಲಿ ತಾವೇ ಸ್ನಾನಕ್ಕೆ ಹೋದರು. ಇನ್ನೂ ಸ್ವಲ್ಪ ದಿನಕ್ಕೆ ಹೊಸ್ತಿಲ ಮುಂದೆ ರಂಗೋಲಿ ಬಿತ್ತು. ಮೇಲಿನ ಮನೆಯಿಂದ ಹಾಡು ಕೇಳಿಸಿದ ದಿನ ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲಿಗೆ ಬಂದೆ, ಅಷ್ಟು ಆಶ್ಚರ್ಯವಾಗಿತ್ತು. ಸಂಘದಲ್ಲಿ ಗುರುವಾರದ ಭಜನೆಗೆ ಹೋಗತೊಡಗಿದರು. ಅಲ್ಲಿ ಎಲ್ಲರ ಎದುರು ನಿಂತು, ರಾಯರು ತನ್ನ ಹೆಸರು ಹಿಡಿದು ಕರೆದು ಎಬ್ಬಿಸಿದರು ಎಂದು ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಏನ್ ಕಡಿಮಿ ಎಂದು ಕೇಳಿದ್ದ ಹೆಂಗಸರೇ ಅವರ ಕಾಲಿಗೆ ಬಿದ್ದರು. ರಘೋತ್ತಮರು ಹಿಂದಿನ ಸಾಲಿನಲ್ಲಿ ಜಮಖಾನದ ದಾರ ಕೀಳುತ್ತ ಕೂತಿದ್ದರು.

ಎಂಬತ್ತೆಂಟರಲ್ಲಿ ನನಗೆ ಏಳು ತಿಂಗಳ ಬಸಿರು ಹೋಯಿತು. ನನ್ನ ದುಃಖಕ್ಕೆ ಕಾರಣವಿತ್ತು, ಹಾಗಾಗಿ ಜನ ಸ್ವಲ್ಪ ದಿನ ಸಹಿಸಿಕೊಂಡರು. ಆಮೇಲೆ ಅವರ ತಾಳ್ಮೆ ತೀರಿತು, ನನ್ನ ದುಃಖ ತೀರಲಿಲ್ಲ. ನನ್ನ ಗಂಡ ನನ್ನನ್ನು ಅದೇ ಡಾಕ್ಟರ್ ನರೋನಾ ಅವರ ಹತ್ತಿರ ಕರೆದುಕೊಂಡು ಹೋದರು. ಅದೇ ಗುಳಿಗೆ, ಅದೇ ಬಾಯಿ ಒಣಗುವುದು. ಎರಡು ವಾರ ನುಂಗಿದೆ. ಗೋದಾಬಾಯಿ ದಿನಾ ಕೆಳಗೆ ಬಂದು ನನ್ನ ಬಳಿ ಕೂರುತ್ತಿದ್ದರು. ಅವರಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತವರು ಬೇರೆ ಯಾರೂ ಇಲ್ಲ. ಒಂದು ದಿನ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಮೃತ್ತಿಕೆಯನ್ನು ನನ್ನ ಅಂಗೈಯಲ್ಲಿಟ್ಟರು.

"ನಾ ಹೆಂಗ ಬಿದ್ದಿದ್ದೆ ನೀನೇ ನೋಡೀ ಅಲ್ಲ," ಎಂದರು. "ನನ್ನ ಎಬ್ಬಿಸಿದವರು ನಿನ್ನ ಬಿಡ್ತಾರೇನು, ಹುಚ್ಚೀ?"

ನಾನು ನಂಬಿದೆ. ಕಡಲಿನಿಂದ ಮರಳಿದ ಹೆಂಗಸು ಹಾಡುವುದನ್ನು ಕಿವಿಯಾರೆ ಕೇಳಿದವಳು ನಂಬದೆ ಏನು ಮಾಡಲಿ? ಗುಳಿಗೆಗಳನ್ನು ಮೋರಿಗೆ ಚೆಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ ಕುಡಿದೆ. ಮರುದಿನವೂ ಕುಡಿದೆ, ತಿಂಗಳಾದರೂ ಕುಡಿದೆ. ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಗೋದಾಬಾಯಿಯನ್ನು ಕಣ್ಣೆತ್ತಿ ನೋಡಿದ ದೇವರು ನನ್ನನ್ನು ನೋಡಿ ಮುಖ ತಿರುಗಿಸಿದ್ದಾನೆ ಎಂದುಕೊಂಡೆ. ಕಾಯಿಲೆಯ ಮೇಲೆ ಇದೊಂದು ಹೊಸ ಭಾರ. ನಾನು ಊಟ ಬಿಟ್ಟೆ, ಆಮೇಲೆ ಮಾತು ಬಿಟ್ಟೆ.

ನನ್ನ ಗಂಡ ಮೆಟ್ಟಿಲ ಮೇಲೆ ರಘೋತ್ತಮರನ್ನು ತಡೆದು, ನಿಮ್ಮವರ ಮಾತು ಕೇಳಿ ಇವಳು ಔಷಧಿ ಬಿಟ್ಟಿದ್ದಾಳೆ ಎಂದು ಹೇಳಿದ್ದು ಆಗಲೇ. ಅಂದೇ ಸಂಜೆ ರಘೋತ್ತಮರು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

"ಪರಮೇಶ್ವರಿಬಾಯಿ, ನೀವು ಗುಳಿಗಿ ಬಿಡಬ್ಯಾಡ್ರಿ."

"ಗೋದಕ್ಕನಿಗೆ ರಾಯರು ಸಾಕಾದರು. ನನಗೆ ಯಾಕೆ ಸಾಲುವುದಿಲ್ಲ?" ಎಂದು ಕೇಳಿದೆ. ಬಹಳ ದಿನಗಳ ಮೇಲೆ ನಾನು ಆಡಿದ ಮಾತು ಅದು.

ಅವರು ತಿರುಗಿ ಮೆಟ್ಟಿಲು ಹತ್ತಿದರು.

ಮೇಲೆ ಗೋದಾಬಾಯಿ ದೀಪ ಹಚ್ಚುತ್ತಿದ್ದರಂತೆ. ರಘೋತ್ತಮರು ಚಪ್ಪಲಿಯನ್ನೂ ಬಿಡದೆ ದೇವರ ಕೋಣೆಯ ಬಾಗಿಲಿಗೆ ಬಂದು ನಿಂತದ್ದು ನೋಡಿಯೇ ಅವರಿಗೆ ಏನೋ ಕೆಟ್ಟದ್ದಾಗಿದೆ ಎನಿಸಿತಂತೆ.

"ಅದು ರಾಯರಲ್ಲ, ಗೋದಾ," ಎಂದರು. "ಗುಳಿಗಿ. ನಾ ತೀರ್ಥದಾಗ ಅರದು ಹಾಕೇನಿ."

"ಯಾವಾಗಿಂದ?"

"ಮೊದಲ್ನೇ ದಿನದಿಂದ."

ಗೋದಾಬಾಯಿ ಕೈಯಲ್ಲಿದ್ದ ಕಡ್ಡಿಯನ್ನು ಆರಿಸಿ ಕೆಳಗಿಟ್ಟರು.

"ಏಕಾದಶಿಗೂ ಹಾಕ್ತಿದ್ರೇನು?"

"ಇಲ್ಲ. ಏಕಾದಶಿಗೆ ಹಾಕಿಲ್ಲ."

ಏಕಾದಶಿಯ ದಿನ ಅವರಲ್ಲಿ ಒಂದೇ ತೀರ್ಥ, ಬೇರೇನೂ ಬಾಯಿಗೆ ಹಾಕುವಂತಿಲ್ಲ. ಪಾಪ ಮಾಡುವಾಗಲೂ ಪಂಚಾಂಗ ನೋಡಿ ಮಾಡಿದ ಮನುಷ್ಯ! ಗೋದಾಬಾಯಿಗೆ ನಗು ಬಂತಂತೆ. ನಕ್ಕು ನಕ್ಕು ಗೋಡೆಗೆ ಒರಗಿ ಕೂತರು. ಆ ನಗು ಕೆಳಗೆ ನನಗೂ ಕೇಳಿಸಿತು. ಅವರು ಎಷ್ಟು ಸುಖವಾಗಿದ್ದಾರೆ ಎಂದು ನನಗೆ ಹೊಟ್ಟೆ ಉರಿಯಿತು. ನಗು ನಿಂತ ಮೇಲೆ ಅವರು ಗಂಡನಿಗೆ ಹೇಳಿದ್ದು ಒಂದೇ ಮಾತು.

"ಹಂಗಾರ ನನ್ನ ಕಡೆ ಯಾರೂ ನೋಡೇ ಇಲ್ಲ."

ಇದನ್ನು ನನಗೆ ಹೇಳಿದಾಗಲೂ ಅವರ ದನಿ ಏರಲಿಲ್ಲ. ಗಂಡ ಮೋಸ ಮಾಡಿದ್ದು ಅವರಿಗೆ ಆಮೇಲಿನ ವಿಷಯ. ಗಂಡ ತನ್ನನ್ನು ಉಳಿಸಲಿಕ್ಕೇ ಹಾಗೆ ಮಾಡಿದರೆಂದು ಅವರಿಗೆ ತಿಳಿಯುತ್ತಿತ್ತು. ಆದರೆ ಎರಡು ವರ್ಷ ಅವರು ಪ್ರತಿ ಬೆಳಿಗ್ಗೆ ತನ್ನನ್ನು ಬಲ್ಲವನೊಬ್ಬ ಮೇಲಿದ್ದಾನೆ ಎಂದುಕೊಂಡು ಎದ್ದಿದ್ದರು. ಆ ಎರಡು ವರ್ಷಗಳನ್ನು ಈಗ ವಾಪಸು ಕೊಡಬೇಕಾಗಿ ಬಂತು. ಇಂಥ ಬಡತನ ಇನ್ನೊಂದಿಲ್ಲ.

ಮರುದಿನದಿಂದ ಬೆಳ್ಳಿ ಬಟ್ಟಲು ಹೊರಗೆ ಬರಲಿಲ್ಲ. ರಘೋತ್ತಮರು ಒಂದು ತಟ್ಟೆಯಲ್ಲಿ ಗುಳಿಗೆಯನ್ನು ಇದ್ದ ಹಾಗೆಯೇ ಇಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬಂದಾಗ ಅದು ಅಲ್ಲೇ ಇರುತ್ತಿತ್ತು. ಗೋದಾಬಾಯಿ ತೀರ್ಥಕ್ಕೂ ಕೈ ಚಾಚಲಿಲ್ಲ, ಗುಳಿಗೆಗೂ ಚಾಚಲಿಲ್ಲ. ಗುಳಿಗೆಯಿಂದ ಗುಣವಾಗುತ್ತದೆ ಎಂದು ಈಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನುಂಗಿದರೆ ತಾನು ಆ ಸೋದರತ್ತೆಯ ಸಾಲಿಗೆ ಸೇರಿದೆನೆಂದು ತಾನೇ ಬರೆದುಕೊಟ್ಟ ಹಾಗೆ. ಹಾಡಿದ್ದು, ಅತ್ತದ್ದು, ಎಲ್ಲರ ಎದುರು ನಿಂತು ಹೇಳಿದ್ದು ಎಲ್ಲ ಒಂದು ಗುಳಿಗೆಯ ಆಟವೆಂದು ಒಪ್ಪಿಕೊಂಡ ಹಾಗೆ. ನುಂಗದಿದ್ದರೆ ಮುಂದೆ ಏನಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಅದು ಆಗಲೇ ಶುರುವಾಗಿತ್ತು. ಕೂದಲು ಬಾಚಲು ಎತ್ತಿದ ಕೈ ಅರ್ಧದಲ್ಲೇ ಇಳಿಯುತ್ತಿತ್ತು. ಮಗಳು ಮಾತಾಡಿದರೆ ಬಾವಿಯ ಆಚೆಯಿಂದ ಮಾತಾಡಿದಂತೆ ಕೇಳುತ್ತಿತ್ತು.

ಹೀಗೆ ಒಂದೇ ಕಟ್ಟಡದಲ್ಲಿ ಮೇಲೊಬ್ಬರು ಕೆಳಗೊಬ್ಬರು ಮುಳುಗುತ್ತಿದ್ದೆವು. ಇಬ್ಬರಿಗೂ ಪಾತ್ರೆ ತೊಳೆದುಕೊಡುತ್ತಿದ್ದವಳು ಹನುಮವ್ವ. ಒಂದು ದಿನ ಅವಳು ಮೇಲಿನ ಮನೆಯಲ್ಲಿ ಬೂದಿ ಕೈಯಲ್ಲೇ ಎದ್ದು ಬಂದು ಗೋದಾಬಾಯಿಯ ಹಾಸಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಅವ್ವಾರು, ಕೆಳಗಿನ ಅವ್ವಾರು ಮುಂಜಾನಿ ನನಗ ಒಂದ್ ಮಾತು ಕೇಳಿದ್ರು. ಹೇಳಬೇಕೋ ಬ್ಯಾಡೋ ತಿಳೀವಲ್ದು."

"ಏನು?"

"ಗೋದಕ್ಕ ಅವತ್ತು ಕಡಲಾಗ ನಿಂತ ಜಾಗಾ ಯಾವುದು ಅಂತ ಕೇಳಿದ್ರು."

ಹೌದು, ಕೇಳಿದ್ದೆ. ಯಾಕೆ ಕೇಳಿದೆ ಎಂದು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು. ಒಂದೊಂದು ಮೆಟ್ಟಿಲಿಗೂ ನಿಂತು ಇಳಿಯುತ್ತಿದ್ದರು. ಬಾಚದ ತಲೆ, ಎರಡು ದಿನದ ಸೀರೆ, ಮುಷ್ಟಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿದ್ದರು. ಬಂದವರು ನನ್ನ ಹಾಸಿಗೆಯ ಎದುರು ನೆಲದ ಮೇಲೆ ಕೂತರು.

"ಪರಮೇಶ್ವರಿ, ನಾ ನಿನಗ ಹೇಳಿದ್ದು ಖರೇ ಅಲ್ಲ," ಎಂದರು. "ಅವರು ನನಗ ತೀರ್ಥದಾಗ ಗುಳಿಗಿ ಅರದು ಹಾಕಿ ಕೊಟ್ಟಾರ. ನಾ ಎದ್ದದ್ದು ಅದರಿಂದ. ನೀ ನುಂಗಿ ಬಿಟ್ಟೀ ಅಲ್ಲ, ಅದೇ ಗುಳಿಗಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಎಲ್ಲಿಲ್ಲದ ಸಿಟ್ಟು ಬಂತು. ಎಷ್ಟೋ ದಿನದಿಂದ ಸತ್ತು ಬಿದ್ದಿದ್ದ ಮೈ ಸಿಟ್ಟಿನಿಂದ ಎದ್ದು ಕೂತಿತು.

"ಇದನ್ನು ಈಗ ಬಂದು ಹೇಳ್ತೀರಾ? ದೇವರು ನನ್ನನ್ನು ಬೇಡವೆಂದ ಅಂತ ನಾನು ಇಲ್ಲಿ ಸಾಯ್ತಾ ಬಿದ್ದಿದ್ದೇನೆ!"

"ಅದಕ್ಕೇ ಬಂದೇನಿ. ಅವ ನಿನಗ ಬ್ಯಾಡ ಅಂದಿಲ್ಲ. ನನಗೂ ಬಾ ಅಂದಿರಲಿಲ್ಲ."

"ಮತ್ತೆ ನೀವು ಈಗ ಗುಳಿಗೆ ನುಂಗ್ತಾ ಇದ್ದೀರಾ?"

ಅವರು ತಲೆ ತಗ್ಗಿಸಿದರು.

"ಇಲ್ಲ."

"ನೀವೇ ನುಂಗೂದಿಲ್ಲ, ನನಗೆ ಹೇಳಲಿಕ್ಕೆ ಬಂದಿದ್ದೀರಾ? ನಿಮಗೆ ಬೇಡದ್ದು ನನಗೆ ಯಾಕೆ?"

ಹೊರಗೆ ಅದಿರಿನ ಲಾರಿಗಳು ಬಂದರಿನ ಕಡೆ ಸಾಲಾಗಿ ಇಳಿಯುತ್ತಿದ್ದವು, ಕಿಟಕಿಯ ಗಾಜು ಅದುರುತ್ತಿತ್ತು. ಅವರು ನನಗೆ ಉತ್ತರ ಹುಡುಕುತ್ತಿದ್ದಾರೆ ಎಂದುಕೊಂಡೆ. ಅವರು ಹುಡುಕುತ್ತಿದ್ದದ್ದು ನನಗಾಗಿ ಅಲ್ಲ. ಕೊನೆಗೆ ಮುಷ್ಟಿ ಬಿಚ್ಚಿದರು. ಅಂಗೈ ಬೆವರಿಗೆ ಅಂಟಿಕೊಂಡು ಎರಡು ಗುಳಿಗೆಗಳಿದ್ದವು, ತಟ್ಟೆಯಲ್ಲಿ ಉಳಿದಿದ್ದ ನಿನ್ನೆಯದೊಂದು, ಇವತ್ತಿನದೊಂದು. ಒಂದನ್ನು ನನ್ನ ಹಾಸಿಗೆಯ ಅಂಚಿನಲ್ಲಿಟ್ಟರು, ಇನ್ನೊಂದನ್ನು ಬೆರಳಲ್ಲಿ ಹಿಡಿದುಕೊಂಡರು.

"ನೀರು ಕೊಡು," ಎಂದರು.

ನಾವು ಮೀನು ತಿನ್ನುವವರು. ಅಷ್ಟು ದಿನ ಬಂದು ಕೂತರೂ ಅವರು ನಮ್ಮ ಮನೆಯ ನೀರನ್ನು ಬಾಯಿಗೆ ಹಚ್ಚಿದವರಲ್ಲ. ನಾನೂ ಕೇಳಿದವಳಲ್ಲ.

"ಹಾಗಾದರೆ ದೇವರು, ಗೋದಕ್ಕ?"

"ನನಗ ಗೊತ್ತಿಲ್ಲವ್ವಾ," ಎಂದರು. ಅವರ ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಏನೂ ಗೊತ್ತಿಲ್ಲ. ನೀ ನೀರು ಕೊಡು."

ನಾನು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ಎರಡು ಲೋಟ ನೀರು ತಂದೆ.